ಪಾಂಟ್‌ಕಸಲ್ಟೆ ಮೇಲ್ಗಾಲುವೆ ದಾಟುವುದು ಹೇಗೆ? ಮೊದಲು ನಡೆದು, ಆಮೇಲೆ ದೋಣಿಯಲ್ಲಿ

ವೇಲ್ಸ್‌ಗೆ ಹೋದವರು ಇದನ್ನು ನೋಡದೆ ಬರಬೇಡಿ. ಡೀ ನದಿಯಿಂದ 38 ಮೀಟರ್ ಎತ್ತರದಲ್ಲಿ ಒಂದು ಕಾಲುವೆ ಹರಿಯುತ್ತದೆ, ಅದರಲ್ಲಿ ದೋಣಿಗಳು ಓಡಾಡುತ್ತವೆ! ಎಂಜಿನಿಯರ್‌ಗಳಾದ ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿದ್ದು. 1795ರಲ್ಲಿ ಕೆಲಸ ಶುರುವಾಗಿ 1805ರಲ್ಲಿ ಮುಗಿಯಿತು.

ರೈಲಿನಲ್ಲಿ ಬಂದರೆ ರುವಾಬನ್‌ನಲ್ಲಿ ಇಳಿದು, ಮೇಲ್ಗಾಲುವೆಯ ಒಂದು ತುದಿಯಲ್ಲಿ ದೋಣಿಗಳು ನಿಲ್ಲುವ ಜಾಗವಾದ ಟ್ರೆವರ್ ಬೇಸಿನ್‌ಗೆ ಬನ್ನಿ. ಬಂದ ಕೂಡಲೇ ಮೇಲೆ ನಡೆಯಲು ಓಡಬೇಡಿ. ಮೊದಲು ನದಿಯ ದಡಕ್ಕೆ ಇಳಿದು ಕತ್ತೆತ್ತಿ ನೋಡಿ. ಕಲ್ಲಿನ ಕಂಬಗಳು 18 ಇವೆ, ಮೇಲೆ ಎರಕದ ಕಬ್ಬಿಣದ ಉದ್ದನೆಯ ತೊಟ್ಟಿ. ಆ ಕಂಬಗಳು ಒಂದು ಎತ್ತರದವರೆಗೆ ಗಟ್ಟಿ, ಅಲ್ಲಿಂದ ಮೇಲೆ ಒಳಗೆ ಟೊಳ್ಳು. ಭಾರ ಕಡಿಮೆಯಾಗಲಿ ಅಂತ ಹಾಗೆ ಕಟ್ಟಿದ್ದಾರೆ. ಇದನ್ನು ನೋಡಿ ಮೇಲೆ ಹೋದರೆ ಕಾಲಿಗೆ ಧೈರ್ಯ ಬರುತ್ತದೆ.

ಇನ್ನು ನಡಿಗೆ. ಉದ್ದ 307 ಮೀಟರ್. ದಾರಿ ಕಿರಿದು, ಸೈಕಲ್ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ, ಮಕ್ಕಳ ಕೈ ಬಿಡಬೇಡಿ. ಎತ್ತರ ಅಂದರೆ ಭಯವಾಗುವವರು ಕಂಬಿ ಹಿಡಿದು ಎದುರಿನ ದಡದ ಮರಗಳನ್ನೇ ನೋಡುತ್ತಾ ನಡೆಯಿರಿ, ಸಾಕು. ನಡುವೆ ಒಂದು ಕಡೆ ನಿಂತು ಕಾಲ ಕೆಳಗೆ ಗಮನಿಸಿ: ನೀರು ನೀವು ನಿಂತ ದಾರಿಯ ಅಡಿಯಲ್ಲೂ ಇದೆ. ಇದು ಸುಮ್ನೆ ಮಾಡಿದ್ದಲ್ಲ. ದೋಣಿ ಮುಂದೆ ಹೋಗುವಾಗ ತಳ್ಳಿದ ನೀರು ಹಿಂದೆ ಸರಿಯಲು ಜಾಗ ಬೇಕಲ್ವಾ, ಅದಕ್ಕೇ ದಾರಿಯನ್ನು ತೊಟ್ಟಿಯ ಮೇಲೆಯೇ ಹಾಸಿದ್ದಾರೆ. ನನಗಂತೂ ಇಡೀ ಕಟ್ಟಡದಲ್ಲಿ ಇದೇ ಜಾಸ್ತಿ ಇಷ್ಟ.

ಆಮೇಲೆ ದೋಣಿ ಹತ್ತಿ. ಆಗ ಗೊತ್ತಾಗುತ್ತದೆ ನಿಜವಾದ ಎತ್ತರ, ಯಾಕೆಂದರೆ ನಡೆಯುವ ದಾರಿ ಇಲ್ಲದ ಇನ್ನೊಂದು ಬದಿಗೆ ಕಂಬಿಯೇ ಇಲ್ಲ. ತೊಟ್ಟಿಯ ಅಂಚು ನೀರಿನಿಂದ ಒಂದು ಗೇಣೂ ಮೇಲಿಲ್ಲ, ಅದರಾಚೆ ಬರೀ ಗಾಳಿ. ಮಕ್ಕಳನ್ನು ಆ ಬದಿಗೆ ಕೂರಿಸಬೇಡಿ, ದೋಣಿಯ ಚಾವಣಿ ಮೇಲಂತೂ ಬೇಡವೇ ಬೇಡ. ನೀವೇ ದೋಣಿ ನಡೆಸುವುದಾದರೆ ಒಳಗೆ ನುಗ್ಗುವ ಮೊದಲು ಎದುರಿನ ತುದಿ ನೋಡಿ. ಎರಡು ದೋಣಿ ಪಕ್ಕಪಕ್ಕ ಹಿಡಿಸುವುದಿಲ್ಲ, ಎದುರಿನಿಂದ ಒಂದು ಬರುತ್ತಿದ್ದರೆ ಕಾಯಲೇಬೇಕು. ಟ್ರೆವರ್‌ನಿಂದ ಹೊರಟರೆ ನೀರಿನ ಸೆಳೆತ ನಿಮ್ಮ ಜೊತೆಗಿರುತ್ತದೆ. ವಾಪಸ್ ಬರುವಾಗ ಎದುರು, ಸ್ವಲ್ಪ ನಿಧಾನವಾಗುತ್ತದೆ.

ಸಮಯವಿದ್ದರೆ ಎದುರಿನ ತುದಿಯ ಹಳ್ಳಿ ಫ್ರಾನ್‌ಕಸಲ್ಟೆ ಕಡೆಯಿಂದ ಕಾಲುವೆ ದಂಡೆಯಲ್ಲೇ ಚರ್ಕ್ ಊರಿನವರೆಗೆ ನಡೆಯಿರಿ. ಅಲ್ಲಿ 1801ರ ಇನ್ನೊಂದು ಮೇಲ್ಗಾಲುವೆ ಇದೆ. ದಾರಿಯಲ್ಲಿ ಕತ್ತಲ ಸುರಂಗಗಳು ಸಿಗುತ್ತವೆ, ಟಾರ್ಚ್ ಮರೆಯಬೇಡಿ.