ಮೊದಲು ಬೀಗ, ಆಮೇಲೆ ಕ್ಲೌಡ್

ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ಕ್ಲೌಡ್ ಸೇವೆಗಳೂ ನಮ್ಮ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮಾಡಿಯೇ ಇಡುತ್ತವೆ. ಆದರೆ ಸಾಮಾನ್ಯವಾಗಿ ಕೀಲಿಕೈ ಇರುವುದು ಅವರ ಬಳಿ. ನಿಮ್ಮ ಖಾತೆಗೆ ಯಾರಾದರೂ ನುಗ್ಗಿದರೆ ಪಾಸ್‌ಪೋರ್ಟ್ ಪ್ರತಿ, ವೈದ್ಯರ ವರದಿ ಎಲ್ಲ ಸಲೀಸಾಗಿ ತೆರೆದುಕೊಳ್ಳುತ್ತವೆ. ಆದ್ದರಿಂದ ಫೈಲ್ ಕಂಪ್ಯೂಟರ್ ಬಿಟ್ಟು ಹೊರಡುವ ಮೊದಲೇ ಬೀಗ ಬೀಳಬೇಕು.

ಈ ಕೆಲಸಕ್ಕೆ ನಾನು ಬಳಸುವುದು ಕ್ರಿಪ್ಟೊಮೇಟರ್ ಎಂಬ ಮುಕ್ತ ತಂತ್ರಾಂಶ. ಇನ್‌ಸ್ಟಾಲ್ ಮಾಡಿಕೊಂಡು ಹೊಸ ‘ವಾಲ್ಟ್’ (ಬೀಗ ಹಾಕಿದ ತಿಜೋರಿಯಂಥ ಫೋಲ್ಡರ್) ಸೃಷ್ಟಿಸಿ. ಕ್ಲೌಡ್ ಜೊತೆ ಸಿಂಕ್ ಆಗುವ, ಅಂದರೆ ತಾನಾಗಿಯೇ ಅಲ್ಲಿಗೆ ನಕಲಾಗುವ ಫೋಲ್ಡರ್‌ನಲ್ಲೇ ಅದಕ್ಕೆ ಜಾಗ ಕೊಡಿ. ವಾಲ್ಟ್‌ನ ಹೆಸರು ಹೊರಗಿನವರಿಗೂ ಕಾಣುತ್ತದೆ. ‘ಬ್ಯಾಂಕ್ ದಾಖಲೆ’ ಎಂದೆಲ್ಲ ಬರೆದು ಕಳ್ಳನಿಗೆ ದಾರಿ ತೋರಿಸಬೇಡಿ.

ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಪೋಣಿಸಿದರಾಯಿತು. ‘ರಿಕವರಿ ಕೀ (ಪಾಸ್‌ವರ್ಡ್ ಮರೆತರೆ ನೆರವಾಗುವ ಬದಲಿ ಕೀಲಿ) ಬೇಕೇ’ ಎಂದು ಕೇಳಿದಾಗ ಹೌದು ಎನ್ನಿ. 44 ಪದಗಳ ಉದ್ದನೆಯ ಸಾಲು ಬರುತ್ತದೆ. ಅದನ್ನು ಕಾಗದದ ಮೇಲೆ ಮುದ್ರಿಸಿಡಿ, ಅದೇ ಕ್ಲೌಡ್‌ನಲ್ಲಂತೂ ಬೇಡ. ಪಾಸ್‌ವರ್ಡೂ ಹೋಗಿ ಇದೂ ಕಳೆದರೆ ಬೀಗ ತೆಗೆಯಲು ತಂತ್ರಾಂಶ ಬರೆದವರಿಂದಲೂ ಆಗದು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ವಾಲ್ಟ್ ಅನ್‌ಲಾಕ್ ಮಾಡಿದಾಗ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ಸಿಕ್ಕಿಸಿದಂತೆ ಹೊಸದೊಂದು ಡ್ರೈವ್ ಕಾಣಿಸಿಕೊಳ್ಳುತ್ತದೆ. ಫೈಲ್ ಹಾಕಬೇಕಾದದ್ದು ಅದರೊಳಗೆ. ಸಿಂಕ್ ಫೋಲ್ಡರ್‌ನಲ್ಲಿರುವ ವಾಲ್ಟ್ ಫೋಲ್ಡರ್‌ಗೇ ನೇರವಾಗಿ ಎಳೆದು ಹಾಕಿದರೆ ಫೈಲ್ ಬೀಗವಿಲ್ಲದೆ ಹಾಗೇ ಮೇಲೇರುತ್ತದೆ! ಅನುಮಾನವಿದ್ದರೆ ಬ್ರೌಸರ್‌ನಲ್ಲಿ ಕ್ಲೌಡ್ ತೆರೆದು ನೋಡಿ. ‘ಡಿ’ (d) ಎಂಬ ಫೋಲ್ಡರ್, ಅದರೊಳಗೆ ಎರಡಕ್ಷರದ ಫೋಲ್ಡರ್‌ಗಳು, ಇನ್ನೂ ಒಳಗೆ ‘ಸಿ9ಆರ್’ (.c9r) ಎಂದು ಕೊನೆಯಾಗುವ ಅರ್ಥವಿಲ್ಲದ ಹೆಸರುಗಳು ಕಂಡರೆ ಸರಿಯಾಗಿದೆ. ಒಳಗಿರುವುದು ಮದುವೆ ಫೋಟೊವೋ ತೆರಿಗೆ ಪತ್ರವೋ ಹೊರಗಿನವರಿಗೆ ತಿಳಿಯದು. ಫೈಲ್‌ಗಳ ಸಂಖ್ಯೆ, ಸುಮಾರು ಗಾತ್ರ, ಬದಲಾದ ಸಮಯ ಮಾತ್ರ ತಿಳಿಯುತ್ತದೆ.

ಇಂಥದ್ದೇ ಬೀಗ ಹಾಕುವ ಇನ್ನೊಂದು ತಂತ್ರಾಂಶ ವೆರಾಕ್ರಿಪ್ಟ್ ಕೂಡ ಗಟ್ಟಿಯೇ. ಆದರೆ ಅದು ಎಲ್ಲವನ್ನೂ ಒಂದೇ ದೊಡ್ಡ ಫೈಲ್‌ಗೆ ತುಂಬುತ್ತದೆ. ಪುಟ್ಟ ಬದಲಾವಣೆಗೂ ಕೆಲವು ಕ್ಲೌಡ್‌ಗಳು ಆ ಇಡೀ ಫೈಲನ್ನು ಮತ್ತೆ ಸಾಗಿಸುತ್ತವೆ. ನಿತ್ಯದ ಬಳಕೆಗೆ ನನಗದು ಒಗ್ಗಲಿಲ್ಲ.

ಮೊದಲ ಸಲ ಎಲ್ಲವನ್ನೂ ವಾಲ್ಟ್‌ಗೆ ಹಾಕಿ, ಕ್ಲೌಡ್‌ನಲ್ಲಿದ್ದ ಹಳೆಯ ಪ್ರತಿಗಳನ್ನು ಅಳಿಸಿ ನಿಶ್ಚಿಂತನಾಗಿದ್ದೆ. ವಾರ ಕಳೆದು ನೋಡಿದರೆ ಅಷ್ಟೂ ಕಸದಬುಟ್ಟಿಯಲ್ಲಿ ಬೆಚ್ಚಗೆ ಕುಳಿತಿದ್ದವು. ನೀವು ಅಳಿಸುವ ಮೊದಲು ಇನ್ನೊಂದು ಸಾಧನದಲ್ಲಿ ವಾಲ್ಟ್ ತೆರೆದು ಒಂದೆರಡು ಫೈಲ್ ಓದಲು ಬರುತ್ತದೆಯೇ ನೋಡಿಕೊಳ್ಳಿ. ಬಂದರೆ ಹಳೆಯವನ್ನು ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ.