ಬೋರ್ ನೀರು, ಹರಿವೆ ಬೀಜ, ಒಂದು ಥರ್ಮಾಕೋಲ್ ಡಬ್ಬಿ

ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಕೈಗೆ ಬಂದ ದಿನ ಮೊದಲು ಅದ್ದಿದ್ದು ನಮ್ಮ ಮನೆಯ ಬೋರ್ ನೀರಿಗೆ. 1140 ತೋರಿಸಿತು. ಮೀಟರೇ ಕೆಟ್ಟಿರಬೇಕು ಅಂದುಕೊಂಡು ಒರೆಸಿ ಮತ್ತೆ ಅದ್ದಿದೆ. 1138. ಅಷ್ಟು ಹೊತ್ತಿಗೆ ಎರಡು ತಿಂಗಳಿಂದ ಮನೆಯೊಳಗೆ, ಮಣ್ಣಿಲ್ಲದೆ, ಇದೇ ನೀರಿನಲ್ಲಿ ಸೊಪ್ಪು ಬೆಳೆಯಲು ಹೆಣಗಾಡಿ ಮೂರು ಸಲ ಸೋತಿದ್ದೆ. ಬೀಜ ಸರಿ ಇಲ್ಲ, ಬೆಳಕು ಸಾಲದು, ಗೊಬ್ಬರ ಹಳೆಯದು ಅಂತ ಎಲ್ಲದರ ಮೇಲೂ ತಪ್ಪು ಹೊರಿಸಿದ್ದೆ. ನೀರಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವನಿಗೆ ಹಂಡೆಯ ಒಳಗೆ ಬೆಳ್ಳಗೆ ಉಪ್ಪು ಕಟ್ಟುವುದು ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಹೊಳೆಯಲಿಲ್ಲ ನೋಡಿ.

ಮನೆಯೊಳಗೇ ಯಾಕೆ ಅಂತ ಕೇಳುತ್ತಾರೆ. ನಮ್ಮದು ಬಾಡಿಗೆ ಮನೆ, ಮಹಡಿ ಮೇಲೆ. ಅಂಗಳ ಇಲ್ಲ. ತಾರಸಿಯಲ್ಲಿ ಕುಂಡ ಇಟ್ಟರೆ ಕೋತಿಗಳು ಬಿಡುವುದಿಲ್ಲ. ಒಂದು ಸಲ ಟೊಮ್ಯಾಟೊ ಕಾಯಿ ಬಿಟ್ಟು, ನಾಳೆ ಕೀಳೋಣ ಅಂದುಕೊಂಡ ದಿನವೇ ಗಿಡದ ಸಮೇತ ಹೋಯಿತು. ಹಾಗಾಗಿ ಹಳೆ ಪಾತ್ರೆ, ಅಕ್ಕಿ ಮೂಟೆ ಇಡುವ ಸಣ್ಣ ಕೋಣೆಯಲ್ಲಿ ಒಂದು ಕಬ್ಬಿಣದ ರ‍್ಯಾಕ್ ಖಾಲಿ ಮಾಡಿಸಿಕೊಂಡೆ. ಅದಕ್ಕೆ ಹೆಂಡತಿಯ ಜೊತೆ ಒಂದು ವಾರ ಮಾತುಕತೆ ನಡೆಯಿತು, ಅದು ಬೇರೆ ಕಥೆ.

ಬೆಳಕಿಗೆ ವಿಶೇಷ ದೀಪ ಬೇಕಿಲ್ಲ. 20 ವ್ಯಾಟ್‌ನ ಎರಡು ಮಾಮೂಲಿ ಬಿಳಿ ಎಲ್ಇಡಿ ಟ್ಯೂಬ್, ಡಬ್ಬಿ ಮೇಲೆ 6500ಕೆ ಅಂತ ಬರೆದಿರುತ್ತದಲ್ಲ, ಅದೇ. ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 17 ಯೂನಿಟ್. ನಮ್ಮ ಗೃಹಜ್ಯೋತಿಯ ಮಿತಿಯೊಳಗೇ ಆಯಿತು. ಮೊದಲು ದೀಪವನ್ನು ಮೇಲಿನ ಹಲಗೆಗೆ, ಎರಡು ಅಡಿ ಎತ್ತರದಲ್ಲಿ ಕಟ್ಟಿದ್ದೆ. ಸಸಿಗಳು ನರಪೇತಲನ ಹಾಗೆ ಉದ್ದುದ್ದ ಬೆಳೆದು ಮೂರನೇ ದಿನ ಮಲಗಿಬಿಟ್ಟವು. ಈಗ ಎಲೆಯಿಂದ ಒಂದು ಗೇಣು ಮೇಲೆ ಇರುವಂತೆ ಸರಪಳಿಯಲ್ಲಿ ಇಳಿಬಿಟ್ಟಿದ್ದೇನೆ. ಗಿಡ ಬೆಳೆದಂತೆ ಒಂದೊಂದು ಕೊಂಡಿ ಮೇಲೆತ್ತುತ್ತೇನೆ.

ಪಂಪು, ಪೈಪು ಯಾವುದೂ ಇಲ್ಲ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಪಂಪ್ ನಂಬಿ ಗಿಡ ಇಡಲು ಧೈರ್ಯ ಬರಲಿಲ್ಲ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ತೋರಿಸಿಕೊಟ್ಟ ವಿಧಾನ ನನ್ನದು. ಡಬ್ಬಿಯಲ್ಲಿ ಗೊಬ್ಬರದ ನೀರು, ಮುಚ್ಚಳದಲ್ಲಿ ತೂತು, ತೂತಿನಲ್ಲಿ ಜಾಲರಿ ಕುಂಡ, ಅಷ್ಟೇ. ಡಬ್ಬಿಗೆ ಮೆಡಿಕಲ್ ಶಾಪ್‌ನವರು ಔಷಧಿ ತರಿಸಿದ ಮೇಲೆ ಎಸೆಯುವ ಥರ್ಮಾಕೋಲ್ ಪೆಟ್ಟಿಗೆ ಕೇಳಿ ತಂದೆ. ಸುಮ್ನೆ ಕೊಟ್ಟರು. ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದೆ. ಬೆಳಕು ಒಳಹೋದರೆ ನೀರು ಪಾಚಿ ಕಟ್ಟುತ್ತದೆ.

ಈ ವಿಧಾನದಲ್ಲಿ ಒಂದು ಸೂಕ್ಷ್ಮ ಇದೆ. ಗಿಡ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ, ಮೇಲಿನ ಬೇರು ಗಾಳಿಯಲ್ಲಿ ಉಳಿಯುತ್ತದೆ. ಮುಚ್ಚಳ ಎತ್ತಿ ನೋಡಿದರೆ ಎರಡು ಥರದ ಬೇರು ಕಾಣುತ್ತದೆ. ನೀರಿನಲ್ಲಿ ಉದ್ದಕ್ಕೆ, ನುಣ್ಣಗೆ ಇಳಿಬಿದ್ದದ್ದು ಒಂದು. ಅದರ ಮೇಲೆ, ತೇವದ ಗಾಳಿಯಲ್ಲಿ, ಹತ್ತಿಯ ನವಿರಿನ ಹಾಗೆ ಬೆಳ್ಳಗೆ ರೋಮ ಬಿಟ್ಟದ್ದು ಇನ್ನೊಂದು. ಆ ಮೇಲಿನ ಬೇರಿನಿಂದಲೇ ಗಿಡ ಉಸಿರಾಡುವುದು. ನಾನು ನೀರು ಕಮ್ಮಿಯಾಯಿತು ಅಂತ ಪ್ರೀತಿಯಿಂದ ಕಂಠಮಟ್ಟ ತುಂಬಿಸಿದೆ. ಮಾರನೇ ದಿನಕ್ಕೆ ಗಿಡಗಳೆಲ್ಲ ಬಾಡಿ ನಿಂತಿದ್ದವು. ಸುತ್ತ ನೀರಿದ್ದರೂ ಬಾಡಿದ ಗಿಡ ನೋಡಿದ್ದು ಅದೇ ಮೊದಲು. ಈಗ ತುಂಬಿಸಲೇಬೇಕಾದರೆ ನಾಲ್ಕು ಬೆರಳು ಜಾಗ ಬಿಟ್ಟು ತುಂಬಿಸುತ್ತೇನೆ.

ಬೀಜದ ವಿಷಯಕ್ಕೆ ಬರುತ್ತೇನೆ. ಶುರು ಮಾಡಿದ್ದು ಸಲಾಡ್‌ಗೆ ಹಾಕುವ ಲೆಟ್ಯೂಸ್ ಸೊಪ್ಪಿನಿಂದ. ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ಬೆಳೆಯುತ್ತಿದ್ದರು. ಏಪ್ರಿಲ್ ತಿಂಗಳು, ಕೋಣೆಯೊಳಗೆ 34 ಡಿಗ್ರಿ. 40 ಬೀಜ ಹಾಕಿದೆ, ಮೂರು ಹುಟ್ಟಿದವು. ಅಂಗಡಿಯವರ ಜೊತೆ ಜಗಳಕ್ಕೇ ಹೊರಟಿದ್ದೆ. ಆಮೇಲೆ ಗೊತ್ತಾಯಿತು, ಸೆಖೆ ಜಾಸ್ತಿಯಾದರೆ ಲೆಟ್ಯೂಸ್ ಬೀಜ ನಿದ್ದೆಗೆ ಜಾರುತ್ತದಂತೆ. ಮಿಕ್ಕ ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಮಡಚಿ, ಡಬ್ಬಿಗೆ ಹಾಕಿ, ಫ್ರಿಜ್‌ನಲ್ಲಿ ಎರಡು ದಿನ ಇಟ್ಟೆ. ಆಮೇಲೆ ಹಾಲ್‌ನಲ್ಲಿ, ತಣ್ಣನೆ ನೆಲದ ಮೇಲೆ, ಬೆಳಕು ಬೀಳುವ ಕಡೆ ಬಿಚ್ಚಿಟ್ಟೆ. ಮಣ್ಣು ಮುಚ್ಚುವ ಹಾಗಿಲ್ಲ, ಈ ಬೀಜಕ್ಕೆ ಮೊಳೆಯಲು ಬೆಳಕೂ ಬೇಕು. ಮೂರನೇ ದಿನ 30ಕ್ಕೆ 24 ಮೊಳೆತಿದ್ದವು.

ಕೊತ್ತಂಬರಿ ಕಾಳನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಬೇಕು. ಇದು ಅಪ್ಪನಿಗೂ ಗೊತ್ತು, ಊರಲ್ಲಿ ಚಪ್ಪಲಿ ಕಾಲಲ್ಲಿ ಉಜ್ಜುತ್ತಿದ್ದರು. ಮೆಂತ್ಯಕ್ಕೆ ಹೇಳುವುದೇ ಬೇಡ, ಅಡುಗೆಮನೆ ಡಬ್ಬಿಯದೇ ಸಾಕು. ಹರಿವೆ ಬೀಜ ಮಾತ್ರ ಧೂಳಿನ ಹಾಗೆ. ಒದ್ದೆ ಮಾಡಿದ ಬೆಂಕಿಕಡ್ಡಿಯ ತುದಿಗೆ ಅಂಟಿಸಿಕೊಂಡು ಒಂದು ಕುಂಡಕ್ಕೆ ನಾಲ್ಕೈದು ಇಳಿಸುತ್ತೇನೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ತರಿಸಿದ್ದೆ. ಒಂದು ಸಲ ಕೊಯ್ದರೆ ಮತ್ತೆ ಚಿಗುರುತ್ತದೆ.

ಬೀಜ ಇಡಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದನ್ನು ತೊಳೆಯದೆ ಬಳಸಬೇಡಿ. ನೆನೆಸಿ ಹಿಂಡಿದ ಮೊದಲ ನೀರಿಗೆ ಮೀಟರ್ ಅದ್ದಿದರೆ 900 ದಾಟಿತ್ತು. ಮೂರನೇ ಸಲಕ್ಕೆ 200ಕ್ಕೆ ಇಳಿಯಿತು.

ಈಗ ಮತ್ತೆ ನೀರಿಗೆ ಬರುತ್ತೇನೆ. ಮಣ್ಣಿನಲ್ಲಾದರೆ ಗಡಸು ನೀರನ್ನು ಮಣ್ಣು ಒಂದಿಷ್ಟು ಸಹಿಸಿಕೊಳ್ಳುತ್ತದೆ. ಡಬ್ಬಿಯಲ್ಲಿ ಆ ಆಸರೆ ಇಲ್ಲ. ಸೊಪ್ಪಿನ ಗಿಡಕ್ಕೆ ಗೊಬ್ಬರ ಸೇರಿಸಿದ ಮೇಲೆ ಮೀಟರ್ 600ರಿಂದ 800 ತೋರಿಸಿದರೆ ಸಾಕು. ನನ್ನ ನೀರು ಗೊಬ್ಬರ ಹಾಕುವ ಮೊದಲೇ 1140. ಅಂದರೆ ಹೊಟ್ಟೆ ತುಂಬ ಉಪ್ಪು ತಿಂದವನಿಗೆ ಊಟ ಬಡಿಸಲು ಹೊರಟ ಹಾಗೆ. ಅದಕ್ಕಿಂತ ದೊಡ್ಡ ತೊಂದರೆ ಪಿಎಚ್, ಅಂದರೆ ನೀರಿನ ಹುಳಿಯ ಅಳತೆ; ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಅದು 5.5ರಿಂದ 6.5ರ ನಡುವೆ ಇರಬೇಕು, ನನ್ನ ಡಬ್ಬಿಯಲ್ಲಿ 8. ನಿಂಬೆರಸ ಹಿಂಡಿ 6ಕ್ಕೆ ತಂದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮತ್ತೆ 7.6. ಗಡಸು ನೀರಿನ ಬೈಕಾರ್ಬೊನೇಟ್ ಹುಳಿಯನ್ನೆಲ್ಲ ನುಂಗಿ ಹಾಕುತ್ತದೆ. ಪಿಎಚ್ ಮೇಲಿದ್ದರೆ ನೀರಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಗುರುತು ಏನಪ್ಪಾ ಅಂದರೆ, ಹಳೆ ಎಲೆ ಹಸಿರಾಗೇ ಇದ್ದು, ಹೊಸ ಚಿಗುರು ಹಳದಿಯಾಗುತ್ತದೆ, ಅದರಲ್ಲಿ ನರಗಳು ಮಾತ್ರ ಹಸಿರು ಗೆರೆ ಎಳೆದ ಹಾಗೆ ಉಳಿಯುತ್ತವೆ. ನಾನು ಗೊಬ್ಬರ ಸಾಲದು ಅಂತ ಇನ್ನೊಂದು ಚಮಚ ಸುರಿದಿದ್ದೆ!

ಪರಿಹಾರ ನಮ್ಮ ಬೀದಿಯ ಮೂಲೆಯಲ್ಲೇ ಇತ್ತು. ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಆ ನೀರು ಮೀಟರ್‌ನಲ್ಲಿ 60. ಒಂದು ಪೆಟ್ಟಿಗೆಗೆ 20 ಲೀಟರ್ ಹಿಡಿಯುತ್ತದೆ, ಅಲ್ಲಿಗೆ ಒಂದು ಬೆಳೆಗೆ ಐದರಿಂದ ಹತ್ತು ರೂಪಾಯಿ ನೀರಿನ ಖರ್ಚು. ಮಳೆಗಾಲದಲ್ಲಿ ಅದೂ ಇಲ್ಲ. ತಾರಸಿಯ ಪೈಪಿಗೆ ಡ್ರಮ್ ಇಟ್ಟು, ಮೊದಲ ಮಳೆ ಬಿಟ್ಟು, ಎರಡನೆಯದನ್ನು ಹಿಡಿದೆ. 25 ತೋರಿಸಿತು.

ಗೊಬ್ಬರದಲ್ಲೂ ಒಂದು ಸಲ ಎಡವಿದೆ. ಅಪ್ಪ ಹಿರಿಯೂರು ಕಡೆ ದಾಳಿಂಬೆ ಹಾಕಿದ್ದಾರೆ, ಡ್ರಿಪ್‌ಗೆ ಬಿಡುವ ಗೊಬ್ಬರ ಮನೆಯಲ್ಲೇ ಇರುತ್ತದೆ. 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಶೇಕಡಾ 19ರಷ್ಟು ಇರುವ ಗೊಬ್ಬರ, ಒಂದು ಕವರ್ ಕಟ್ಟಿಸಿಕೊಂಡು ಬಂದೆ. ಅದರಲ್ಲಿ ಸಾರಜನಕದ ಹೆಚ್ಚು ಪಾಲು ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಾದರೆ ಅದನ್ನು ಒಡೆದು ಕೊಡುವ ಸೂಕ್ಷ್ಮಜೀವಿಗಳಿವೆ. ಡಬ್ಬಿಯಲ್ಲಿ ಯಾರಿದ್ದಾರೆ? ಕ್ಯಾಲ್ಸಿಯಂ ಕೂಡ ಅದರಲ್ಲಿಲ್ಲ. ಈಗ ಹತ್ತು ಲೀಟರ್‌ಗೆ 8 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 4 ಗ್ರಾಂ 13:00:45, 2 ಗ್ರಾಂ 00:52:34, 4 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, ಅರ್ಧ ಗ್ರಾಂ ಚೀಲೇಟೆಡ್ (ಗಿಡಕ್ಕೆ ಸುಲಭವಾಗಿ ದಕ್ಕುವ ರೂಪದ) ಸೂಕ್ಷ್ಮ ಪೋಷಕಾಂಶದ ಪುಡಿ. ತೂಗಲು ಬಂಗಾರದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ ತರಿಸಿದೆ. ಸೊಪ್ಪಿಗೆ ಇದಕ್ಕೆ ಇನ್ನೊಂದಿಷ್ಟು ನೀರು ಬೆರೆಸಿ ತೆಳು ಮಾಡುತ್ತೇನೆ, ಎಳೆ ಸಸಿಗೆ ಅರ್ಧಕ್ಕರ್ಧ. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಲೋಟದಲ್ಲೇ ಕರಗಿಸಿ ಕೊನೆಗೆ ಸೇರಿಸಬೇಕು. ಎಲ್ಲವನ್ನೂ ಒಂದೇ ಚೊಂಬಿನಲ್ಲಿ ಗಟ್ಟಿಯಾಗಿ ಕಲಸಿದ ದಿನ ನೀರು ಸುಣ್ಣದ ನೀರಿನಂತೆ ಬೆಳ್ಳಗಾಗಿ ತಳದಲ್ಲಿ ಗಸಿ ನಿಂತಿತು. ಅಷ್ಟೂ ಗೊಬ್ಬರ ದಂಡ.

ನೀರು ಸರಿಹೋದ ಮೇಲೂ ಮೇ ತಿಂಗಳಲ್ಲಿ ಒಂದು ಪೆಟ್ಟಿಗೆ ಪಾಲಕ್ ಕಳೆದುಕೊಂಡೆ. ಡಬ್ಬಿಯ ನೀರು 31 ಡಿಗ್ರಿ ಮುಟ್ಟಿತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ, ಬೇರು ಕೊಳೆಯುವ ರೋಗಕ್ಕೆ ಅದೇ ಸುಗ್ಗಿ. ಮುಚ್ಚಳ ಎತ್ತಿದರೆ ಚರಂಡಿ ವಾಸನೆ, ಬೇರು ಕಂದು ಬಣ್ಣಕ್ಕೆ ತಿರುಗಿ ಕೈಯಲ್ಲಿ ಹಿಡಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಮಧ್ಯಾಹ್ನ ಮಂಜುಗಡ್ಡೆಯ ಬಾಟಲಿ ಇಟ್ಟು ಒಂದು ವಾರ ನೋಡಿದೆ. ಫ್ರಿಜ್‌ನಲ್ಲಿ ಹಾಲಿಡಲು ಜಾಗ ಇಲ್ಲ ಅಂತ ಹೆಂಡತಿ ರೇಗಿದ ಮೇಲೆ ಬಿಟ್ಟೆ. ಈಗ ದೀಪವನ್ನು ಸಂಜೆ ಆರಕ್ಕೆ ಹಚ್ಚಿ ಬೆಳಿಗ್ಗೆ ಎಂಟಕ್ಕೆ ಆರಿಸುತ್ತೇನೆ. ಗಿಡಕ್ಕೆ ಹಗಲು ರಾತ್ರಿ ಅದಲುಬದಲಾದರೆ ಬೇಸರವಿಲ್ಲ. ನಮ್ಮೂರಿನಲ್ಲಿ ರಾತ್ರಿ ಗಾಳಿ ತಂಪಾಗಿ ಬೀಸುತ್ತದಲ್ಲ, ದೀಪದ ಕಾವು ಆಗ ಅಷ್ಟು ಕಾಡುವುದಿಲ್ಲ. ಬೇಸಿಗೆಯಲ್ಲಿ ಲೆಟ್ಯೂಸ್, ಪಾಲಕ್ ಮುಟ್ಟುವುದಿಲ್ಲ. ಹರಿವೆ, ಬಸಳೆ ಅಷ್ಟೇ. ಹರಿವೆಗೆ ಸೆಖೆ ಅಂದರೆ ಹಬ್ಬ.

ಬೀಜ ಹಾಕಿದ 27ನೇ ದಿನಕ್ಕೆ ಮೊದಲ ಹರಿವೆ ಕೊಯ್ದೆ. ಅವತ್ತು ಆಸ್ಪತ್ರೆ ಕೆಲಸಕ್ಕೆ ಅಂತ ಅಪ್ಪ ಬಂದಿದ್ದರು. ಮಸ್ಸೊಪ್ಪು, ರಾಗಿ ಮುದ್ದೆ. ಎರಡು ತುತ್ತು ನುಂಗಿ, "ಮಣ್ಣಿಲ್ದೆ ಬೆಳೆದಿದ್ದಾ ಇದು?" ಅಂದರು. ಹೌದು ಅಂದೆ. "ಸಪ್ಪೆ ಐತೆ" ಅಂದರು. ಇನ್ನೊಂದು ಸೌಟು ಹಾಕಿಸಿಕೊಂಡರು. ಊಟ ಆದ ಮೇಲೆ ಕೋಣೆಗೆ ಬಂದು ಪೆಟ್ಟಿಗೆ ನೋಡಿದರು, ಬೇರು ನೋಡಿದರು. ಅದ್ಯಾವುದೂ ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಕೈಗೆತ್ತಿಕೊಂಡಿದ್ದು ಟಿಡಿಎಸ್ ಮೀಟರ್. ಘಟಕದ ನೀರಿಗೆ ಅದ್ದಿದರು, ನಲ್ಲಿ ನೀರಿಗೆ ಅದ್ದಿದರು, ಎರಡು ಸಲ ನಂಬರ್ ಓದಿದರು. ಹೊರಡುವಾಗ ಅದು ಅವರ ಅಂಗಿಯ ಜೇಬಿನಲ್ಲಿತ್ತು.

ಮೂರು ದಿನ ಬಿಟ್ಟು ಫೋನ್ ಬಂತು. "ನಮ್ದು 1460 ಕಣಪ್ಪಾ. ಪಕ್ಕದ ಹೊಲದೋರ್ದು 900. ಎಲೆ ಅಂಚು ಸುಡೋದು ಯಾಕೆ ಅಂತ ಈಗ ಗೊತ್ತಾಯ್ತು." ಮೀಟರ್ ಯಾವಾಗ ಕೊಡ್ತೀರಿ ಅಂತ ಕೇಳಿದೆ. ಇನ್ನೂ ಆರು ಬೋರ್ ನೋಡೋದು ಬಾಕಿ ಇದೆ ಅಂದರು. ನಾನು ಇನ್ನೊಂದು ತರಿಸಿಕೊಂಡೆ.