ಕಿಟಕಿ, ಸೂರು, ಬಾಗಿಲು: ನಮ್ಮ ವಾರ್ಡಿನಲ್ಲಿ ಬೆಡ್‌ಸೋರ್ ನಿಂತ ಬಗೆ

ಹದಿನಾಲ್ಕು ಹಾಸಿಗೆ, ಶುಶ್ರೂಷೆ ಮಾಡುವ ಐವರು ಸನ್ಯಾಸಿನಿ ಸಿಸ್ಟರ್‌ಗಳು, ಇಬ್ಬರು ಸಹಾಯಕಿಯರು. ಇಷ್ಟು ಕೈಗಳಲ್ಲಿ ಎರಡು ಗಂಟೆಗೊಮ್ಮೆ ಎಲ್ಲರ ಮಗ್ಗುಲು ಬದಲಿಸುವುದು, ಜೊತೆಗೆ ಕಾನ್ವೆಂಟಿನ ಪ್ರಾರ್ಥನೆಯನ್ನೂ ಬಿಡದಿರುವುದು ಆಗದ ಮಾತು ಎಂದವರೇ ಹೆಚ್ಚು. ಆಯಿತು. ಮೊದಲು ಯಾವಾಗ ನೋಡಿದರೂ ನಾಲ್ಕೈದು ಜನರಿಗೆ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಒತ್ತಡಕ್ಕೆ ಏಳುವ ಹುಣ್ಣು, ಇದ್ದೇ ಇರುತ್ತಿತ್ತು. ಈಗ ಎಂಟು ತಿಂಗಳಲ್ಲಿ ನಮ್ಮಲ್ಲೇ ಎದ್ದದ್ದು ಒಂದು, ಅದೂ ಚರ್ಮ ಒಡೆಯುವ ಮುಂಚೆಯೇ ಕೂತುಹೋಯಿತು. ಬೆಡ್‌ಸೋರ್ ಯಾಕೆ ಆಗುತ್ತದೆ ಎಂಬ ಪಾಠ ಇಲ್ಲಿ ಬೇಡ, ಈ ಕೆಲಸದಲ್ಲಿರುವವರಿಗೆ ಅದು ಗೊತ್ತೇ ಇದೆ.

ನನ್ನ ಮೊದಲ ಪಟ್ಟಿ ನೋಡಲು ಚೆಂದ, ನಡೆಸಲು ಬಾರದ್ದು. ಗಂಟೆ ಹೊಡೆದ ತಕ್ಷಣ ಹದಿನಾಲ್ಕೂ ಜನರನ್ನು ಹೊರಳಿಸಬೇಕು ಎಂದು ಬರೆದಿದ್ದೆ. ಇಬ್ಬರು ಸೇರಿ ಒಬ್ಬರ ಮಗ್ಗುಲು ಬದಲಿಸಿ, ಬಟ್ಟೆ ಒದ್ದೆಯಾಗಿದೆಯೇ ನೋಡಿ, ದಿಂಬು ಒತ್ತಿ ಬರಲು ಮೂರು ನಿಮಿಷ. ಹದಿನಾಲ್ಕು ಜನಕ್ಕೆ ನಲವತ್ತೆರಡು ನಿಮಿಷ. ಅಷ್ಟರಲ್ಲಿ ಸಂಜೆಯ ಪ್ರಾರ್ಥನೆ ಮುಗಿದಿರುತ್ತಿತ್ತು. ಎರಡನೇ ಸೋಲು ಚಾರ್ಟಿನದು. ಪಾಳಿ ಮುಗಿಯುವ ಹೊತ್ತಿಗೆ ಎಲ್ಲ ಚೌಕಗಳಲ್ಲೂ ಒಂದೇ ಪೆನ್ನಿನ, ಒಂದೇ ಓಟದ ಸಹಿ! ರೋಗಿ ಮಾತ್ರ ಬೆಳಗ್ಗೆ ಮಲಗಿದ್ದ ಹಾಗೆಯೇ ಇರುತ್ತಿದ್ದರು.

ಈಗ ಮಾಡುವುದು ಹೀಗೆ. ಒಂದರಿಂದ ಏಳನೆಯ ಹಾಸಿಗೆ ಬೆಸ ಗಂಟೆಗೆ, ಎಂಟರಿಂದ ಹದಿನಾಲ್ಕು ಸಮ ಗಂಟೆಗೆ. ಹಾಗಾಗಿ ಪ್ರತಿ ಗಂಟೆಯ ಮೊದಲ ಇಪ್ಪತ್ತು ನಿಮಿಷ ವಾರ್ಡಿಗೆ, ಉಳಿದದ್ದು ಕಾನ್ವೆಂಟಿಗೆ. ಬೆಳಗಿನ ಪ್ರಾರ್ಥನೆ 5.25ಕ್ಕೆ, ಪೂಜೆ 6.30ಕ್ಕೆ, ಸಂಜೆಯ ಪ್ರಾರ್ಥನೆ 6.25ಕ್ಕೆ ಹೋಯಿತು. ಪೂಜೆಯ ದಿನಚರಿಯಿಂದ ಏಳು ಗಂಟೆಯ ಪಾಳಿ ಹತ್ತು ನಿಮಿಷ ತಡವಾಗುತ್ತದೆ. ಆಗಲಿ, ಹತ್ತು ನಿಮಿಷಕ್ಕೆ ಚರ್ಮ ಒಡೆಯುವುದಿಲ್ಲ.

ಎಡ, ಬಲ ಎನ್ನುವುದನ್ನೇ ಬಿಟ್ಟೆವು. ವಾರ್ಡಿನ ಒಂದು ತುದಿಗೆ ಕಿಟಕಿ, ಇನ್ನೊಂದು ತುದಿಗೆ ಬಾಗಿಲು. ಎರಡು ಸಾಲಿನ ಹಾಸಿಗೆಗಳ ತಲೆ ಅಕ್ಕಪಕ್ಕದ ಗೋಡೆಗೆ. ಒಂದು ಸಾಲಿನವರ ಎಡ ಇನ್ನೊಂದು ಸಾಲಿನವರಿಗೆ ಬಲ, ಆದರೆ ಕಿಟಕಿ ಎಲ್ಲರಿಗೂ ಒಂದೇ. ಮುಖ ತಿರುಗುವ ಸರದಿ: ಕಿಟಕಿ, ಸೂರು (ಅಂದರೆ ಬೆನ್ನ ಮೇಲೆ), ಬಾಗಿಲು. ದಿನಕ್ಕೆ ಹನ್ನೆರಡು ಬದಲಾವಣೆ, ಮೂರು ದಿಕ್ಕು; ನಾಲ್ಕು ಸುತ್ತಿಗೆ ಸರಿಯಾಗಿ ಮುಗಿಯುತ್ತದೆ. ಹಾಗಾಗಿ ಬೆಸ ಗುಂಪು ಬೆಳಗಿನ ಐದಕ್ಕೆ ಯಾವಾಗಲೂ ಕಿಟಕಿ ಕಡೆಗೇ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ಯಾರು ತಪ್ಪಿದ್ದಾರೆ ಗೊತ್ತಾಗುತ್ತದೆ. ಚಾರ್ಟು ಈಗ ಹೆಸರಿಗಷ್ಟೆ.

ಲೆಕ್ಕ ಹಾಕದೆ ಸಿಕ್ಕ ಲಾಭವೂ ಒಂದಿದೆ. ಬೆಸ ಗುಂಪಿಗೆ ಸೂರು ಬರುವುದು ಬೆಳಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಏಳಕ್ಕೆ. ಸಮ ಗುಂಪಿಗೆ ಎಂಟು, ಎರಡು, ಎಂಟಕ್ಕೆ. ಅಂದರೆ ಊಟದ ಹೊತ್ತಿಗೇ ಬೆನ್ನ ಮೇಲೆ. ತಲೆಕಡೆ ಎತ್ತಿ ಉಣಿಸಿ, ಅರ್ಧ ಗಂಟೆ ಹಾಗೇ ಕೂರಿಸಿ, ಆಮೇಲೆ ಮೂವತ್ತು ಡಿಗ್ರಿಗೆ ಇಳಿಸುತ್ತೇವೆ. ಎತ್ತಿದ ಹಾಗೆಯೇ ಬಿಟ್ಟರೆ ಮೈ ಕೆಳಗೆ ಜಾರಿ, ಚರ್ಮ ಬೆಡ್‌ಶೀಟಿಗೆ ಅಂಟಿ ಒಳಗೆ ಹರಿಯುತ್ತದೆ. ಬೆನ್ನ ತುದಿಯಲ್ಲಿ ಮೊದಲೇ ಹುಣ್ಣಿದ್ದವರ ಮಂಚಕ್ಕೆ ಕೆಂಪು ಬಟ್ಟೆ ಕಟ್ಟುತ್ತೇವೆ. ಅವರಿಗೆ ಊಟ ಬಿಟ್ಟರೆ ಸೂರು ಇಲ್ಲ.

ಕಾನ್ವೆಂಟಿನ ಮುಖ್ಯಸ್ಥೆ ಮದರ್ ಸುಪೀರಿಯರ್ ಒಪ್ಪಲು ಎರಡು ತಿಂಗಳು ಹಿಡಿಯಿತು. ಪ್ರಾರ್ಥನೆಯ ವೇಳೆ ಮುಟ್ಟಬಾರದು ಎಂಬುದು ಅವರ ವಾದ. 1633ರಲ್ಲಿ ಲೂಯಿಸ್ ದ ಮರಿಲ್ಯಾಕ್ ಜೊತೆಗೂಡಿ ಡಾಟರ್ಸ್ ಆಫ್ ಚಾರಿಟಿ ಕಟ್ಟಿದ ಸಂತ ವಿನ್ಸೆಂಟ್ ದ ಪಾಲರು, ಬಡ ರೋಗಿ ಕರೆದಾಗ ಪ್ರಾರ್ಥನೆ ಬಿಟ್ಟು ಎದ್ದರೆ ದೇವರನ್ನು ಬಿಟ್ಟು ದೇವರ ಬಳಿಗೇ ಹೋದಂತೆ ಎಂದು ತಮ್ಮ ಸಿಸ್ಟರ್‌ಗಳಿಗೆ ಹೇಳಿಕೊಟ್ಟದ್ದನ್ನು ನೆನಪಿಸಿದೆ. ಸಿಸ್ಟರ್‌ಗಳು ಹೆರಿಗೆ ಕೆಲಸ ಮಾಡಲು ರೋಮ್ ಬಾಗಿಲು ತೆರೆದದ್ದೇ 1936ರಲ್ಲಿ. ಆಸ್ಟ್ರಿಯಾದ ವೈದ್ಯೆ ಆನಾ ಡೆಂಗಲ್ 1925ರಲ್ಲೇ ಮೆಡಿಕಲ್ ಮಿಷನ್ ಸಂಘ ಕಟ್ಟಿದ್ದರೂ ಪೂರ್ಣ ಸನ್ಯಾಸಿನಿ ಸಂಘವಾಗಲು ಅಲ್ಲಿಯವರೆಗೆ ಕಾಯಬೇಕಾಯಿತು. ಅಂಥ ನಿಯಮವೇ ಸರಿದಿರುವಾಗ ನಾನು ಕೇಳಿದ್ದು ಇಪ್ಪತ್ತೈದು ನಿಮಿಷ.

ಪಕ್ಕಕ್ಕೆ ಹೊರಳಿಸುವಾಗ ಪೂರ್ತಿ ತೊಂಬತ್ತು ಡಿಗ್ರಿ ಬೇಡ, ಸೊಂಟದ ಮೂಳೆ ಕೊರೆಯುತ್ತದೆ. ಮೂವತ್ತು ಸಾಕು. ಬೆನ್ನ ಹಿಂದೆ ಆಸರೆಗೆ ದಿಂಬು ಕೊಟ್ಟು, ಬೆನ್ನ ತುದಿಯ ಮೂಳೆಯ ಕೆಳಗೆ ಅಂಗೈ ತೂರಿಸಿ ನೋಡಿ, ಸಲೀಸಾಗಿ ಹೋಗಬೇಕು. ಹಿಮ್ಮಡಿ ಗಾಳಿಯಲ್ಲಿರಬೇಕು: ದಿಂಬು ಮೀನಖಂಡದ ಕೆಳಗೆ, ಹಿಮ್ಮಡಿಯ ಕೆಳಗಲ್ಲ. ನಮ್ಮ ದಿಂಬುಗಳ ಹೊದಿಕೆ ಸವೆದ ಹಳೇ ಹ್ಯಾಬಿಟ್ (ನಮ್ಮ ನಿಲುವಂಗಿ) ಬಟ್ಟೆ, ನೂರು ಸಲ ಒಗೆದ ಹತ್ತಿಯಷ್ಟು ಮೆತ್ತಗಿನದು ಬೇರೆ ಇಲ್ಲ. ಒಳಗೆ ಏನು ತುಂಬುತ್ತೇವೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೇನೆ.

ಯಾರೂ ಹೇಳಿಕೊಡದ ಎರಡು ಸಂಗತಿ. ಒಂದು, ಬೆಡ್‌ಶೀಟಿಗೆ ಗಂಜಿ. ಕಾನ್ವೆಂಟಿನ ಒಗೆತ ಎಂದರೆ ಗಂಜಿ ಹಾಕಿ ಗರಿಗರಿ ಮಾಡಲೇಬೇಕು ಎಂಬ ಹಟ. ಆ ಮಡಿಕೆಯೇ ಚರ್ಮಕ್ಕೆ ಗೀರು. ಎರಡು, ನಮ್ಮದೇ ಕೊರಳಿನ ಶಿಲುಬೆ, ಸೊಂಟದ ಜಪಸರ. ಬಗ್ಗಿ ಎತ್ತುವಾಗ ಅದು ರೋಗಿಯ ಭುಜದ ಮೇಲೆ ಎಳೆದುಕೊಂಡು ಹೋಗುತ್ತದೆ. ಮುದುಕರ ಚರ್ಮ ಹಪ್ಪಳದಷ್ಟು ತೆಳು. ವಾರ್ಡಿಗೆ ಬರುವ ಮುಂಚೆ ಶಿಲುಬೆ ಏಪ್ರನ್ ಒಳಗೆ, ಜಪಸರ ಜೇಬಿಗೆ.

ಚರ್ಮ ಕೆಂಪಾದ ಕಡೆ ಬೆರಳು ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಬದುಕಿದಿರಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಪಕ್ಕದ ಜಾಗಕ್ಕಿಂತ ಬಿಸಿಯೋ, ಗಟ್ಟಿಯೋ ಎಂದು ಮುಟ್ಟಿಯೇ ನೋಡಬೇಕು. ಅಲ್ಲಿ ತಿಕ್ಕಬೇಡಿ, ಸ್ಪಿರಿಟ್ ಹಚ್ಚಬೇಡಿ.

ದುಡ್ಡಿನ ಮಾತು. ಬಡತನದ ವ್ರತದವರಿಗೆ ಸ್ವಂತ ದುಡ್ಡಿಲ್ಲ, ಲೆಕ್ಕ ನೋಡುವ ಸಿಸ್ಟರ್ ಮುಂದೆ ಗಾಯಕ್ಕೆ ಕಟ್ಟುವ ಪ್ರತಿ ಸುರುಳಿ ಗಾಜ್ ಬಟ್ಟೆಗೂ ಲೆಕ್ಕ ಕೊಡಬೇಕು. ಈ ಸರದಿ ಶುರುವಾಗುವ ಮುಂಚೆ ಗಾಳಿ ಹಾಸಿಗೆ ಮೂರು ತಂದಿದ್ದೆವು. ಒಂದರ ದುಡ್ಡಿನಲ್ಲಿ ಮೂರು ತಿಂಗಳ ಗಾಜ್ ಬಟ್ಟೆ, ಹತ್ತಿ, ಟೇಪು ಬರುತ್ತಿತ್ತು. ಗಾಳಿ ಹಾಸಿಗೆ ಇದೆಯಲ್ಲ ಎಂದು ಮಗ್ಗುಲು ಬದಲಿಸುವುದನ್ನೇ ಬಿಟ್ಟರು. ಕರೆಂಟು ಹೋದ ರಾತ್ರಿ ಅದು ಚಪ್ಪಟೆ. ಹುಣ್ಣು ಎದ್ದದ್ದೂ ಆ ಮೂರರಲ್ಲೇ ಇಬ್ಬರಿಗೆ. ಈಗ ಗಾಜ್ ಬಟ್ಟೆಯ ಖರ್ಚು ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿದಿದೆ. ಆ ಉಳಿತಾಯ ಮೊಟ್ಟೆಗೆ ಹೋಗುತ್ತದೆ. ಹುಣ್ಣಿದ್ದವರಿಗೆ ಕೆಜಿ ತೂಕಕ್ಕೆ ದಿನಕ್ಕೆ ಒಂದೂಕಾಲರಿಂದ ಒಂದೂವರೆ ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ.

ಬೇರೆ ಪ್ರಯೋಗಗಳೂ ನಡೆದಿವೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಗೆ ಇಟ್ಟದ್ದು ದಂಡ, ಒತ್ತಡ ಕಡಿಮೆಯಾಗಲೇ ಇಲ್ಲ. ಟ್ಯೂಬಿನ ಉಂಗುರ ಅದಕ್ಕಿಂತ ಕೆಟ್ಟದ್ದು, ಸುತ್ತಲ ರಕ್ತ ಓಡಾಟವನ್ನೇ ತಡೆಯಿತು. ಜೇನು ಹಚ್ಚಿದ ಗಾಯ ಚೆನ್ನಾಗಿ ಕೆಂಪೇರಿತು, ಆದರೆ ಇರುವೆ ಬಂತು. ಮಂಚದ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟು ಒಂದು ತಿಂಗಳು ನಡೆಸಿ ಕೈಬಿಟ್ಟೆವು. ನಾರುವ ಗಾಯಕ್ಕೆ ಡಾಕ್ಟರನ್ನು ಕೇಳಿ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಉದುರಿಸಿದರೆ ಎರಡು ಮೂರು ದಿನದಲ್ಲಿ ವಾಸನೆ ಇಳಿಯುತ್ತದೆ. ತೊಳೆಯಲು ಲೀಟರು ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಸುಮಾರು ಒಂದೂವರೆ ಟೀ ಚಮಚ. ದಿನಾ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ನೊರೆ ಚೆಂದ, ಹೊಸ ಮಾಂಸ ಸಾಯುತ್ತದೆ.

ಇನ್ನೂ ಕಾಡುವುದು ರಾತ್ರಿ ಒಂದು ಮತ್ತು ಎರಡರ ಪಾಳಿ. ಆಗ ಎಚ್ಚರವಿರುವುದು ಒಬ್ಬ ಸಿಸ್ಟರ್. ಭುಜದಿಂದ ತೊಡೆಯವರೆಗೆ ಅಡ್ಡ ಬೆಡ್‌ಶೀಟ್ ಹಾಸಿ, ಆಚೆ ಬದಿಯ ಅಂಚು ಹಿಡಿದು ತನ್ನತ್ತ ಎಳೆದುಕೊಂಡರೆ ರೋಗಿ ತಾನಾಗಿ ಹೊರಳುತ್ತಾರೆ. ಐವತ್ತೈದು ಕೆಜಿವರೆಗೆ ಇದು ನಡೆಯುತ್ತದೆ. ಅದಕ್ಕಿಂತ ಭಾರದವರು ಇಬ್ಬರಿದ್ದಾರೆ. ಅವರ ಹಾಸಿಗೆಯನ್ನು ರಾತ್ರಿ ಸಿಸ್ಟರ್‌ನ ಮೇಜಿನ ಪಕ್ಕಕ್ಕೆ ತಂದು, ಸಹಾಯಕಿಯನ್ನು ಆ ಎರಡು ಹೊತ್ತಿಗೆ ಮಾತ್ರ ಎಬ್ಬಿಸುತ್ತೇವೆ.